ಸಂಶೋಧನೆಯಲ್ಲಿ ಮೋಸದ ಅನುಮಾನ ಬಂದರೆ: ಯಾವುದು ಮೊದಲು, ಯಾವುದು ಆಮೇಲೆ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಸಂಶೋಧನಾರ್ಥಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ದೂರು ಕೊಟ್ಟೆವು, ಏನೂ ಆಗಲಿಲ್ಲ, ಯಾಕೆ?" ಕೊಟ್ಟ ಕಾಗದ ತರಿಸಿ ನೋಡಿದರೆ ಕಾರಣ ಬಹುತೇಕ ಒಂದೇ ಇರುತ್ತದೆ. ಅನುಮಾನ ಬಂದ ದಿನವೇ ಕ್ಯಾಂಟೀನಿನಲ್ಲಿ ನಾಲ್ಕು ಜನರ ಮುಂದೆ ಹೇಳಿರುತ್ತಾರೆ. ಸಂಜೆಯೊಳಗೆ ಅದು ಸಂಬಂಧಪಟ್ಟವರ ಕಿವಿಗೆ ಬಿದ್ದಿರುತ್ತದೆ. ಆಮೇಲೆ ಸಾಕ್ಷ್ಯ ಹುಡುಕಲು ಹೊರಟರೆ ಫೈಲು ಬದಲಾಗಿರುತ್ತದೆ, ಪ್ರಶ್ನಾವಳಿಯ ಕಟ್ಟು ಕಾಣೆಯಾಗಿರುತ್ತದೆ.

ಹಾಗಾಗಿ ಇಲ್ಲಿ ಕ್ರಮವೇ ಮುಖ್ಯ. ಮೊದಲು ಸಾಕ್ಷ್ಯ ಎತ್ತಿಡಬೇಕು, ಆಮೇಲೆ ಅದನ್ನು ಪರೀಕ್ಷಿಸಬೇಕು, ಆಮೇಲೆ ಬರೆಯಬೇಕು. ಬಾಯಿ ಬಿಡುವುದು ಕೊನೆಗೆ.

## ಕೈಯಲ್ಲಿ ಇರಬೇಕಾದ್ದು

ಪುಟ ಸಂಖ್ಯೆ ಇರುವ, ಹೊಲಿಗೆ ಹಾಕಿದ ನೋಟ್‌ಬುಕ್ ಒಂದು. ಖಾಲಿ ಪೆನ್‌ಡ್ರೈವ್ ಒಂದು. ನಿಮ್ಮ ವಿಶ್ವವಿದ್ಯಾಲಯದ ಪಿಎಚ್.ಡಿ. ನಿಯಮಾವಳಿ. ಕೃತಿಚೌರ್ಯ ತಡೆಯುವ ಬಗ್ಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲಿ ಹೊರಡಿಸಿದ ನಿಯಮಗಳ ಪ್ರತಿ. ಕೊನೆಯ ಎರಡನ್ನು ಓದದೆ ದೂರು ಬರೆಯಲು ಕೂರಬೇಡಿ. ತೋಟಗಾರಿಕೆ, ವೈದ್ಯಕೀಯ, ತಾಂತ್ರಿಕ ವಿಶ್ವವಿದ್ಯಾಲಯಗಳಿಗೆ ತಮ್ಮದೇ ನಿಯಮಗಳೂ ಇರುತ್ತವೆ. ಗೆಳೆಯರ ವಿವಿಯಲ್ಲಿ ನಡೆದದ್ದೇ ನಿಮ್ಮಲ್ಲೂ ನಡೆಯುತ್ತದೆ ಅಂತ ಅಂದುಕೊಳ್ಳಬೇಡಿ.

## ಹಂತ 1: ಮೊದಲು ನಿಮ್ಮ ಲೆಕ್ಕ ಚೊಕ್ಕ ಇರಲಿ

ದೂರು ಕೊಟ್ಟ ಮರುದಿನ ನಿಮ್ಮ ಕೆಲಸವನ್ನೂ ಜನ ಬಿಚ್ಚಿ ನೋಡುತ್ತಾರೆ. ಅದಕ್ಕೆ ತಯಾರಾಗಿರಿ. ದೂರು ಕೊಡುವ ಯೋಚನೆ ಇಲ್ಲದಿದ್ದರೂ ಈ ಅಭ್ಯಾಸ ಬೇಕೇ ಬೇಕು.

ನೋಟ್‌ಬುಕ್‌ನಲ್ಲಿ ಪೆನ್ನಿನಿಂದ ಬರೆಯಿರಿ, ದಿನಾಂಕ ಹಾಕಿ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿ ಬರೆಯಿರಿ. ಹಾಳೆ ಹರಿಯಬೇಡಿ, ವೈಟ್ನರ್ ಹಚ್ಚಬೇಡಿ. ಮೂಲ ಡಾಟಾ ಫೈಲನ್ನು ಹಾಗೇ ಬಿಟ್ಟು, ಲೆಕ್ಕಾಚಾರವನ್ನು ಅದರ ಪ್ರತಿಯಲ್ಲಿ ಮಾಡಿ. ಯಾರನ್ನಾದರೂ ಲೆಕ್ಕದಿಂದ ಕೈಬಿಟ್ಟಿದ್ದರೆ ಯಾಕೆ ಅಂತ ಅಂದೇ ಬರೆದಿಡಿ.

ಲೇಖನದ ಮೇಲೆ ಯಾರ ಹೆಸರು ಬರಬೇಕು ಅನ್ನುವುದನ್ನು ಕೆಲಸ ಶುರುವಾಗುವ ಮುಂಚೆಯೇ ಮಾತಾಡಿ, ಆ ಮಾತನ್ನು ಇಮೇಲಿನಲ್ಲಿ ಇಡಿ. ವೈದ್ಯಕೀಯ ಪತ್ರಿಕೆಗಳು ಪಾಲಿಸುವ ಅಳತೆ ಎಲ್ಲ ವಿಷಯಕ್ಕೂ ಹೊಂದುತ್ತದೆ: ಕೆಲಸದಲ್ಲಿ ಗಣನೀಯ ಪಾಲು ಇರಬೇಕು, ಬರೆದಿರಬೇಕು ಅಥವಾ ಗಂಭೀರವಾಗಿ ತಿದ್ದಿರಬೇಕು, ಕೊನೆಯ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು, ಇಡೀ ಕೆಲಸಕ್ಕೆ ಹೊಣೆ ಹೊರಬೇಕು. ನಾಲ್ಕೂ ಇರಬೇಕು. ಬರೀ ಲ್ಯಾಬಿನ ಮುಖ್ಯಸ್ಥರು ಅನ್ನುವ ಕಾರಣಕ್ಕೆ ಹೆಸರು ಸೇರಿಸುವುದು ಮರ್ಯಾದೆ ಅಲ್ಲ, ತಪ್ಪು.

ಪತ್ರಿಕೆಯ ಆಯ್ಕೆಯಲ್ಲೂ ಎಚ್ಚರ ಬೇಕು. ಒಪ್ಪಿದ ಪತ್ರಿಕೆಗಳ ಯುಜಿಸಿ-ಕೇರ್ ಪಟ್ಟಿ 2025ರಲ್ಲಿ ನಿಂತುಹೋಗಿದೆ. "ಪಟ್ಟಿಯಲ್ಲಿ ಇದೆಯಲ್ಲ" ಅನ್ನುವ ಸಬೂಬು ಈಗ ನಡೆಯುವುದಿಲ್ಲ. ದುಡ್ಡು ಕೊಟ್ಟರೆ ಸಿದ್ಧ ಲೇಖನದಲ್ಲಿ ಎರಡನೇ ಹೆಸರಿನ ಜಾಗ ಕೊಡುತ್ತೇವೆ ಅಂತ ಟೆಲಿಗ್ರಾಂನಲ್ಲೋ ವಾಟ್ಸಾಪ್‌ನಲ್ಲೋ ಮೆಸೇಜ್ ಬಂದರೆ ಉತ್ತರಿಸಬೇಡಿ. ಸ್ಕ್ರೀನ್‌ಶಾಟ್ ಮಾತ್ರ ಇಟ್ಟುಕೊಳ್ಳಿ.

## ಹಂತ 2: ಏನಾಗಿದೆ ಅಂತ ವಿಂಗಡಿಸಿ

ಎಲ್ಲದಕ್ಕೂ "ಕಾಪಿ ಹೊಡೆದಿದ್ದಾರೆ" ಅನ್ನುವುದು ದೊಡ್ಡ ತಪ್ಪು. ಇಲ್ಲದ ಡಾಟಾ ಹುಟ್ಟಿಸುವುದು ಒಂದು. ಇರುವ ಡಾಟಾವನ್ನು ಬೇಕಾದ ಹಾಗೆ ತಿರುಚುವುದು, ಬೇಡದ್ದನ್ನು ಬಿಡುವುದು ಇನ್ನೊಂದು. ಬೇರೆಯವರ ಬರಹ, ವಿಚಾರ, ಚಿತ್ರವನ್ನು ತನ್ನದು ಅಂತ ತೋರಿಸುವುದು ಮೂರನೆಯದು. ಮೂರಕ್ಕೂ ಬೇಕಾಗುವ ಸಾಕ್ಷ್ಯ ಬೇರೆ ಬೇರೆ.

ಈ ಮೂರರ ಪಕ್ಕದಲ್ಲಿ ಪ್ರಾಮಾಣಿಕ ತಪ್ಪು ಅನ್ನುವುದೂ ಇದೆ. ಎಕ್ಸೆಲ್‌ನಲ್ಲಿ ಒಂದು ಕಾಲಂ ಸರಿದಿರುತ್ತದೆ, ಕೋಷ್ಟಕದಲ್ಲಿ ಹಳೆಯ ಅಂಕಿ ಉಳಿದಿರುತ್ತದೆ. ಅದಕ್ಕೆ ಬೇಕಾದ್ದು ತಿದ್ದುಪಡಿ, ವಿಚಾರಣೆ ಅಲ್ಲ. ಲೇಖನದಲ್ಲಿ ಹೆಸರು ಬಿಟ್ಟ ಜಗಳ, ಫೆಲೋಶಿಪ್ ದುಡ್ಡಿನ ತಕರಾರು, ಕಿರುಕುಳ ಇವೆಲ್ಲ ಗಂಭೀರವೇ. ಆದರೆ ಅವುಗಳ ಬಾಗಿಲು ಬೇರೆ. ಒಂದೇ ಕಾಗದದಲ್ಲಿ ಎಲ್ಲವನ್ನೂ ತುರುಕಿದರೆ ಯಾವುದೂ ವಿಚಾರಣೆಗೆ ಬರುವುದಿಲ್ಲ.

## ಹಂತ 3: ಸಾಕ್ಷ್ಯವನ್ನು ಅಂದೇ ಎತ್ತಿಡಿ

ನಿಮಗೆ ನೋಡಲು ಹಕ್ಕಿರುವುದನ್ನು ಮಾತ್ರ ಪ್ರತಿ ಮಾಡಿ. ಬೇರೆಯವರ ಪಾಸ್‌ವರ್ಡ್ ಹಾಕುವುದು, ಬೀಗ ಹಾಕಿದ ಕಪಾಟು ತೆರೆಯುವುದು, ಮೂಲ ಕಡತವನ್ನೇ ಮನೆಗೆ ಒಯ್ಯುವುದು ಬೇಡ. ಹಾಗೆ ಮಾಡಿದರೆ ವಿಚಾರಣೆ ನಿಮ್ಮ ಮೇಲೇ ತಿರುಗುತ್ತದೆ.

ಪ್ರಕಟವಾದ ಲೇಖನದ ಪಿಡಿಎಫ್, ಪೂರಕ ಕಡತಗಳು, ವೆಬ್ ಪುಟದ ವಿಳಾಸ ಮತ್ತು ನೀವು ನೋಡಿದ ದಿನಾಂಕ, ಇಷ್ಟನ್ನೂ ಇಟ್ಟುಕೊಳ್ಳಿ. ಹಂಚಿಕೊಂಡ ಡ್ರೈವ್‌ನಲ್ಲಿ ಡಾಟಾ ಇದ್ದರೆ ಅದರ ಹಳೆಯ ಆವೃತ್ತಿಗಳ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆಯಿರಿ. ಯಾರು ಯಾವ ದಿನ ಯಾವ ಅಂಕಿ ಬದಲಿಸಿದರು ಅನ್ನುವುದು ಎಷ್ಟೋ ಸಲ ಅಲ್ಲೇ ಸಿಗುತ್ತದೆ.

ಫೋಟೋಗಳನ್ನು ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿಕೊಳ್ಳಬೇಡಿ. ಅದು ಚಿತ್ರವನ್ನು ಕುಗ್ಗಿಸುತ್ತದೆ, ಯಾವಾಗ ಎಲ್ಲಿ ತೆಗೆದದ್ದು ಅನ್ನುವ ಒಳಮಾಹಿತಿಯನ್ನೂ ಅಳಿಸುತ್ತದೆ. ಕೇಬಲ್ ಹಾಕಿ ಮೂಲ ಫೈಲನ್ನೇ ಪೆನ್‌ಡ್ರೈವ್‌ಗೆ ತೆಗೆದುಕೊಳ್ಳಿ. ಸಾಧ್ಯವಾದರೆ ಪ್ರತಿ ಫೈಲಿನ ಎಸ್‌ಎಚ್‌ಎ-256 ಹ್ಯಾಶ್ ತೆಗೆದು ನೋಟ್‌ಬುಕ್‌ನಲ್ಲಿ ಬರೆದಿಡಿ. ಅದು ಫೈಲಿನ ಹೆಬ್ಬೆಟ್ಟಿನ ಗುರುತು ಇದ್ದ ಹಾಗೆ. ಒಂದು ಅಕ್ಷರ ಬದಲಾದರೂ ಪೂರ್ತಿ ಬೇರೆಯಾಗುತ್ತದೆ.

ಪ್ರತಿ ದಾಖಲೆಗೂ ಒಂದು ಸಾಲು ಬರೆಯಿರಿ: ಏನು, ಎಲ್ಲಿಂದ ಬಂತು, ಯಾವ ದಿನ, ಬೇರೆ ಯಾರು ನೋಡಿದ್ದಾರೆ.

## ಹಂತ 4: ನಿಮ್ಮ ಅನುಮಾನವನ್ನೇ ಪರೀಕ್ಷಿಸಿ

ಜಾಸ್ತಿ ಸಮಯ ಕೊಡಬೇಕಾದ ಹಂತ ಇದು. ಜಾಸ್ತಿ ಜನ ಹಾರಿಸಿಬಿಡುವುದೂ ಇದನ್ನೇ.

ಅಂಕಿಗಳು. ಒಂದು ಉದಾಹರಣೆ ತೆಗೆದುಕೊಳ್ಳೋಣ. 28 ನೇಕಾರರಿಗೆ 1ರಿಂದ 5ರವರೆಗೆ ಅಂಕ ಕೊಡುವ ಪ್ರಶ್ನೆ ಕೇಳಿದ್ದಾರೆ, ಸರಾಸರಿ 3.45 ಅಂತ ಬರೆದಿದ್ದಾರೆ. ಉತ್ತರಗಳೆಲ್ಲ ಪೂರ್ಣಾಂಕ, ಹಾಗಾಗಿ ಮೊತ್ತವೂ ಪೂರ್ಣಾಂಕವೇ ಇರಬೇಕು. ಮೊತ್ತ 96 ಇದ್ದರೆ ಸರಾಸರಿ 3.43. ಮೊತ್ತ 97 ಇದ್ದರೆ 3.46. ನಡುವೆ 3.45 ಬರಲು ದಾರಿಯೇ ಇಲ್ಲ. ಇದಕ್ಕೆ ಗ್ರಿಮ್ ಪರೀಕ್ಷೆ ಅನ್ನುತ್ತಾರೆ. ಕ್ಯಾಲ್ಕುಲೇಟರ್ ಸಾಕು.

ಇಲ್ಲೇ ನಿಲ್ಲಬೇಡಿ. 29 ಜನ ಇದ್ದರೆ ಮೊತ್ತ 100ಕ್ಕೆ ಸರಾಸರಿ 3.45 ಸರಿಯಾಗಿ ಬರುತ್ತದೆ. ಅಂದರೆ ಜನರ ಸಂಖ್ಯೆ ಟೈಪ್ ಮಾಡುವಾಗ ತಪ್ಪಿರಬಹುದು. ಒಂದು ಕೋಷ್ಟಕದಲ್ಲಿ ಒಂದು ಅಂಕಿ ಹೀಗಿದ್ದರೆ ಅದು ಪ್ರಶ್ನೆ ಅಷ್ಟೇ. ಹತ್ತು ಅಂಕಿಗಳಲ್ಲಿ ಏಳು ಹೀಗಿದ್ದರೆ ದೂರಿಗೆ ಆಧಾರ. ಈ ಪರೀಕ್ಷೆ ಪೂರ್ಣಾಂಕದ ಉತ್ತರಗಳಿಗೆ, ಕಡಿಮೆ ಜನ ಇದ್ದಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಎರಡು ದಶಮಾಂಶದ ಸರಾಸರಿಗೆ ಜನ ನೂರು ದಾಟಿದರೆ ಉಪಯೋಗವಿಲ್ಲ.

ಸಮೀಕ್ಷೆ. ನಮ್ಮ ಭಾಗದಲ್ಲಿ ಹಳ್ಳಿ ಸುತ್ತಿ ಪ್ರಶ್ನಾವಳಿ ತುಂಬಿಸುವ ಕೆಲಸ ಬಹಳ. ನಕಲಿ ಸಮೀಕ್ಷೆಯ ಗುರುತುಗಳು ಕಾಗದದ ಮೇಲೇ ಕಾಣುತ್ತವೆ. ಐವತ್ತು ಫಾರ್ಮಿಗೂ ಒಂದೇ ಪೆನ್ನು, ಒಂದೇ ಕೈಬರಹ, ಒಂದೇ ಒತ್ತು. ಮಡಚಿದ ಗುರುತೂ ಇಲ್ಲದ ಹೊಚ್ಚ ಹೊಸ ಹಾಳೆ. ಒಂದೇ ದಿನಾಂಕದಲ್ಲಿ ಒಬ್ಬರೇ ಇಳಕಲ್ಲಿನಲ್ಲೂ ಮೂವತ್ತು ಜನರನ್ನು, ರಬಕವಿ-ಬನಹಟ್ಟಿಯಲ್ಲೂ ಮೂವತ್ತು ಜನರನ್ನು ಮಾತಾಡಿಸಿದ್ದಾರೆ ಅಂತ ಇದ್ದರೆ ನಿಂತು ಯೋಚಿಸಿ. ಇಳಕಲ್ಲು ಬಾಗಲಕೋಟೆ ಜಿಲ್ಲೆಯ ಪೂರ್ವದ ತುದಿ, ರಬಕವಿ-ಬನಹಟ್ಟಿ ಪಶ್ಚಿಮದ ತುದಿ. ಮಗ್ಗದ ಮುಂದೆ ಕೂತವರನ್ನು ಮಾತಾಡಿಸಲು ಒಬ್ಬೊಬ್ಬರಿಗೆ ಅರ್ಧ ಗಂಟೆಯಾದರೂ ಬೇಕಲ್ವಾ? ಆದರೆ ಓದು ಬಾರದವರ ಫಾರ್ಮನ್ನು ಸಂಶೋಧಕರೇ ತುಂಬುವುದು ಸಹಜ. ಒಂದೇ ಕೈಬರಹ ಅನ್ನುವುದೊಂದೇ ಸಾಲದು. ಪ್ರಯಾಣದ ಬಿಲ್ಲು, ಒಪ್ಪಿಗೆ ಪತ್ರ, ಧ್ವನಿಮುದ್ರಣ ಜೊತೆಗೆ ತಾಳೆ ನೋಡಬೇಕು.

ಬರಹದ ಸಾಮ್ಯತೆ. ಸಾಫ್ಟ್‌ವೇರ್ ಕೊಡುವ ಶೇಕಡಾವಾರು ತೀರ್ಪಲ್ಲ. ಯುಜಿಸಿ ನಿಯಮದ ಪ್ರಕಾರ ಗ್ರಂಥಸೂಚಿ, ವಿಷಯಸೂಚಿ, ಮುನ್ನುಡಿ, ಕೃತಜ್ಞತೆ, ಸರಿಯಾಗಿ ಉಲ್ಲೇಖಿಸಿದ ಮಾತು, ಕಾನೂನು, ಪ್ರಮಾಣಿತ ಸೂತ್ರಗಳನ್ನು ಲೆಕ್ಕದಿಂದ ತೆಗೆಯಬೇಕು. ಸಾಮಾನ್ಯ ತಿಳಿವಳಿಕೆಯ ಸಾಲು ಸತತ 14 ಪದದವರೆಗೆ ಹೊಂದಿದರೂ ಬಿಡಬೇಕು. ಅದನ್ನೆಲ್ಲ ತೆಗೆಯದೆ "ಶೇ. 42 ಬಂದಿದೆ" ಅಂತ ಬರೆದ ದೂರು ಮೊದಲ ಸಭೆಯಲ್ಲೇ ಬಿದ್ದುಹೋಗುತ್ತದೆ. ವರದಿಯನ್ನು ಸಾಲು ಸಾಲಾಗಿ ಓದಿ, ಎಡಕ್ಕೆ ಮೂಲ, ಬಲಕ್ಕೆ ನಕಲು, ಪುಟ ಸಂಖ್ಯೆ ಸಮೇತ ಕೋಷ್ಟಕ ಮಾಡಿ.

ಕನ್ನಡದಲ್ಲಿ ಬರೆದ ಪ್ರಬಂಧಗಳಿಗೆ ಒಂದು ವಿಶೇಷ ಎಚ್ಚರಿಕೆ. "ನುಡಿ" ಅಥವಾ "ಬರಹ" ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ ಯಂತ್ರಕ್ಕೆ ಕಾಣುವುದು ಕನ್ನಡ ಅಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಇಡೀ ಅಧ್ಯಾಯ ನಕಲಾಗಿದ್ದರೂ ಸಾಮ್ಯತೆ ಶೂನ್ಯ ಅಂತ ಬರಬಹುದು. ಯೂನಿಕೋಡ್‌ಗೆ ಪರಿವರ್ತಿಸಿದ ಪ್ರತಿಯನ್ನೇ ಪರೀಕ್ಷೆಗೆ ಕೊಡಿ. ಪರಿವರ್ತಿಸಿದ ಮೇಲೂ ಒತ್ತಕ್ಷರ ಒಡೆದಿಲ್ಲವೇ ಅಂತ ಎರಡು ಪುಟ ಓದಿ ನೋಡಿ. ಇನ್ನೊಂದು, ನಮ್ಮ ಹಳೆಯ ಕನ್ನಡ ಪುಸ್ತಕಗಳು, ಅಭಿನಂದನ ಗ್ರಂಥಗಳು, ಜಿಲ್ಲಾ ಸಮ್ಮೇಳನದ ಸಂಚಿಕೆಗಳು ಬಹುಪಾಲು ಯಾವ ಡೇಟಾಬೇಸಿನಲ್ಲೂ ಇಲ್ಲ. ಅವುಗಳಿಂದ ಎತ್ತಿದ್ದನ್ನು ಯಂತ್ರ ಹಿಡಿಯುವುದಿಲ್ಲ. ಗ್ರಂಥಾಲಯಕ್ಕೆ ಹೋಗಿ ಪುಸ್ತಕ ಬಿಚ್ಚಿಯೇ ನೋಡಬೇಕು.

ಇಂಗ್ಲಿಷ್ ಲೇಖನಗಳಲ್ಲಿ ವಿಚಿತ್ರ ಪದಗಳು ಕಂಡರೂ ಎಚ್ಚರವಾಗಿ. "ಆರ್ಟಿಫಿಶಿಯಲ್ ಇಂಟೆಲಿಜೆನ್ಸ್" ಇರಬೇಕಾದಲ್ಲಿ "ಕೌಂಟರ್‌ಫೀಟ್ ಕಾನ್ಷಿಯಸ್‌ನೆಸ್" ಅಂತ ಇದ್ದರೆ, ಕದ್ದ ಬರಹವನ್ನು ಪದ ಬದಲಿಸುವ ಸಾಫ್ಟ್‌ವೇರಿಗೆ ಹಾಕಿರುವ ಸಾಧ್ಯತೆ ಜಾಸ್ತಿ.

ಚಿತ್ರಗಳು. ಒಂದೇ ಚಿತ್ರವನ್ನು ತಿರುಗಿಸಿ, ಕತ್ತರಿಸಿ ಬೇರೆ ಪ್ರಯೋಗದ್ದು ಅಂತ ಹಾಕುವುದು ಸಾಮಾನ್ಯ. ಅಕ್ಕಪಕ್ಕ ಇಟ್ಟು, ಕಾಂಟ್ರಾಸ್ಟ್ ಹೆಚ್ಚಿಸಿ, ಹಿನ್ನೆಲೆಯ ಕಲೆಗಳನ್ನು ಹೋಲಿಸಿ.

## ಹಂತ 5: ಆರೋಪ ಬೇಡ, ಪ್ರಶ್ನೆ ಕೇಳಿ

ನಿಮ್ಮ ವಿಷಯ ಬಲ್ಲ, ಗುಟ್ಟು ಕಾಯುವ ಒಬ್ಬ ಹಿರಿಯರಿಗೆ ಮಾತ್ರ ತೋರಿಸಿ. ಸಣ್ಣ ತಪ್ಪಿನ ಹಾಗೆ ಕಂಡರೆ ನೇರವಾಗಿ ಲೇಖಕರನ್ನೇ ಕೇಳಬಹುದು: "ಸರ್, ಮೂರನೇ ಕೋಷ್ಟಕದ ಸರಾಸರಿ ನನಗೆ ಹೊಂದುತ್ತಿಲ್ಲ. ಮೂಲ ಡಾಟಾ ನೋಡಬಹುದಾ?" ಎಷ್ಟೋ ಪ್ರಕರಣ ಇಲ್ಲೇ ಮುಗಿಯುತ್ತದೆ. ಉದ್ದೇಶಪೂರ್ವಕ ಮೋಸ ಅಂತ ಬಲವಾಗಿ ಅನಿಸಿದ್ದರೆ, ಅಥವಾ ಆ ವ್ಯಕ್ತಿ ನಿಮ್ಮ ಗೈಡ್ ಆಗಿದ್ದರೆ, ಈ ಪ್ರಶ್ನೆಯನ್ನು ಬಿಟ್ಟು ಮುಂದಿನ ಹಂತಕ್ಕೆ ಹೋಗಿ.

ವಿಭಾಗದ ವಾಟ್ಸಾಪ್ ಗುಂಪು, ಫೇಸ್‌ಬುಕ್, ಪತ್ರಿಕಾಗೋಷ್ಠಿ ಯಾವುದೂ ಈಗ ಬೇಡ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಮಾನನಷ್ಟದ ಬಗ್ಗೆ ಇದೆ ಅನ್ನುವುದು ನೆನಪಿರಲಿ. ಅದಕ್ಕಿಂತ ಮುಖ್ಯವಾಗಿ, ತಪ್ಪಿಲ್ಲದವರ ಹೆಸರು ಒಮ್ಮೆ ಕೆಟ್ಟರೆ ಅದನ್ನು ಯಾವ ಸಮಿತಿಯೂ ಸರಿ ಮಾಡಲಾರದು.

## ಹಂತ 6: ಸರಿಯಾದ ಬಾಗಿಲು ತಟ್ಟಿ

ಕೃತಿಚೌರ್ಯವಾದರೆ ದೂರು ಮೊದಲು ಹೋಗಬೇಕಾದ್ದು ಡಿಎಐಪಿ ಅಂತ ಕರೆಯುವ ವಿಭಾಗ ಮಟ್ಟದ ಸಮಿತಿಗೆ. ವಿಭಾಗದ ಮುಖ್ಯಸ್ಥರೇ ಅದರ ಅಧ್ಯಕ್ಷರು. ಜೊತೆಗೆ ಹೊರ ವಿಭಾಗದ ಒಬ್ಬ ಹಿರಿಯ ಅಧ್ಯಾಪಕರು, ಸಾಮ್ಯತೆ ಪತ್ತೆಯ ಸಾಫ್ಟ್‌ವೇರ್ ಬಲ್ಲವರು ಒಬ್ಬರು ಇರುತ್ತಾರೆ. ಅದರ ಮೇಲೆ ಐಎಐಪಿ ಅನ್ನುವ ಸಂಸ್ಥೆ ಮಟ್ಟದ ಸಮಿತಿ. ಅದರಲ್ಲಿ ಹೊರಗಿನ ಸಂಸ್ಥೆಯವರು ಒಬ್ಬರು ಇರಲೇಬೇಕು. ಎರಡಕ್ಕೂ ಒಬ್ಬರೇ ಅಧ್ಯಕ್ಷರಾಗುವಂತಿಲ್ಲ.

ದೂರು ವಿಭಾಗದ ಮುಖ್ಯಸ್ಥರ ಮೇಲೇ ಇದ್ದರೆ ಶಿಫಾರಸು ಮಾಡಬೇಕಾದ್ದು ಐಎಐಪಿ. ಕುಲಪತಿಗಳ ಮೇಲಿದ್ದರೆ ಅವರ ಮೇಲಿನ ನಿಯಂತ್ರಣ ಪ್ರಾಧಿಕಾರ. ಸಮಿತಿಯ ಸದಸ್ಯರ ಮೇಲಿದ್ದರೆ ಅವರು ಆ ಸಭೆಯಿಂದ ಹೊರಗಿರಬೇಕು.

ಡಾಟಾ ಹುಟ್ಟಿಸಿದ, ತಿರುಚಿದ ಪ್ರಕರಣದಲ್ಲಿ ಜನ ಎಡವುವುದು ಇಲ್ಲೇ. 2018ರ ನಿಯಮದ ಶೇಕಡಾವಾರು ಹಂತಗಳು (ಕೊನೆಯಲ್ಲಿ ಕೊಟ್ಟಿದೆ) ಬರಹದ ಸಾಮ್ಯತೆಗೆ ಮಾತ್ರ. ಸಾಮ್ಯತೆ ಶೂನ್ಯ ಇರುವ ಲೇಖನದಲ್ಲಿ ಡಾಟಾ ಪೂರ್ತಿ ಸುಳ್ಳಿರಬಹುದು. ಅಂಥ ದೂರನ್ನು ಕುಲಸಚಿವರಿಗೆ ಬರೆದು, ಸಂಸ್ಥೆಯ ಸೇವಾ ಮತ್ತು ನಡತೆ ನಿಯಮಗಳ ಅಡಿ ವಿಚಾರಣೆ ಕೇಳಿ. ಸರ್ಕಾರಿ ಅನುದಾನದ ಯೋಜನೆಯಾದರೆ ಅನುದಾನ ಕೊಟ್ಟ ಸಂಸ್ಥೆಗೂ ಪ್ರತಿ ಕಳಿಸಿ.

ರೋಗಿಗಳ ಮೇಲಿನ ಅಧ್ಯಯನವಾದರೆ, ಅದರಿಂದ ಯಾರಿಗಾದರೂ ಅಪಾಯ ಇದೆ ಅನಿಸಿದರೆ, ಮೇಲಿನ ಕ್ರಮವನ್ನೆಲ್ಲ ಪಕ್ಕಕ್ಕಿಡಿ. ಅಂದೇ ಸಾಂಸ್ಥಿಕ ನೈತಿಕ ಸಮಿತಿಗೆ ಲಿಖಿತವಾಗಿ ತಿಳಿಸಿ. ಉಳಿದ ಸಾಕ್ಷ್ಯ ಆಮೇಲೆ ಕೊಡಬಹುದು. ಮನುಷ್ಯರ ಮೇಲಿನ ಔಷಧ ಪ್ರಯೋಗ ಸಿಟಿಆರ್‌ಐ ಎಂಬ ರಾಷ್ಟ್ರೀಯ ನೋಂದಣಿಯಲ್ಲಿ ಇದೆಯೇ, ಅಲ್ಲಿ ಬರೆದ ರೋಗಿಗಳ ಸಂಖ್ಯೆಗೂ ಲೇಖನದ ಸಂಖ್ಯೆಗೂ ಹೊಂದಿಕೆ ಇದೆಯೇ ಅಂತ ಯಾರು ಬೇಕಾದರೂ ನೋಡಬಹುದು.

## ಹಂತ 7: ದೂರು ಬರೆಯುವುದು

ಎರಡು ಪುಟ ಮೀರಬಾರದು. ಉಳಿದದ್ದೆಲ್ಲ ಸಂಖ್ಯೆ ಹಾಕಿದ ಅನುಬಂಧ. ಯಾವ ಕೃತಿ, ಯಾವ ಪುಟ, ಏನು ಕಂಡಿತು, ಯಾಕೆ ಅದು ಅಸಹಜ, ನಿಮಗೆ ಹೇಗೆ ಗೊತ್ತಾಯಿತು, ಏನು ಪರಿಶೀಲಿಸಬೇಕು. ಇಷ್ಟೇ.

ಹೀಗೆ ಬರೆಯಬೇಡಿ: "ಇವರು ಮಹಾ ಮೋಸಗಾರರು, ಇವರ ಎಲ್ಲ ಲೇಖನಗಳೂ ನಕಲಿ." ಹೀಗೆ ಬರೆಯಿರಿ: "ಲೇಖನದ 6ನೇ ಪುಟದ 2ನೇ ಚಿತ್ರವೂ 9ನೇ ಪುಟದ 5ನೇ ಚಿತ್ರವೂ ಒಂದೇ ಆಗಿ ಕಾಣುತ್ತವೆ. ಎರಡಕ್ಕೂ ಬೇರೆ ಬೇರೆ ಮಾದರಿ ಎಂದು ಹೆಸರಿಸಲಾಗಿದೆ. ಹೋಲಿಕೆ ಅನುಬಂಧ 3ರಲ್ಲಿದೆ. ಮೂಲ ಚಿತ್ರಗಳನ್ನು ತರಿಸಿ ಪರಿಶೀಲಿಸಬೇಕೆಂದು ಕೋರುತ್ತೇನೆ." ಉದ್ದೇಶ ಏನಿತ್ತು ಅನ್ನುವುದನ್ನು ತೀರ್ಮಾನಿಸುವುದು ಸಮಿತಿಯ ಕೆಲಸ.

ಮೂಲ ಡಾಟಾವನ್ನು ಕೂಡಲೇ ವಶಕ್ಕೆ ಪಡೆಯಬೇಕು ಅಂತ ಪ್ರತ್ಯೇಕ ಸಾಲಿನಲ್ಲಿ ಕೇಳಿ. ಈ ಸಾಲನ್ನು ಬಹಳ ಜನ ಮರೆಯುತ್ತಾರೆ. ನಿಮ್ಮ ಹೆಸರನ್ನು ಗೌಪ್ಯವಾಗಿ ಇಡಬೇಕು ಅಂತಲೂ ಬರೆಯಿರಿ. ಹೆಸರಿಲ್ಲದ ಅರ್ಜಿಯನ್ನು ನಮ್ಮ ಕಚೇರಿಗಳು ಸಾಮಾನ್ಯವಾಗಿ ಪಕ್ಕಕ್ಕಿಡುತ್ತವೆ. ಆದರೆ ಯುಜಿಸಿ ನಿಯಮದ ಪ್ರಕಾರ ಸಂಸ್ಥೆ ತಾನಾಗಿಯೇ ಪ್ರಕರಣ ಕೈಗೆತ್ತಿಕೊಳ್ಳಬಹುದು. ಹೆಸರು ಹಾಕಲು ನಿಜಕ್ಕೂ ಭಯವಿದ್ದರೆ ಆ ಅವಕಾಶವನ್ನು ನೆನಪಿಸಿ, ಸಾಕ್ಷ್ಯ ಗಟ್ಟಿಯಾಗಿ ಇಡಿ.

ಕಾಗದವನ್ನು ಆವಕ ಶಾಖೆಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಆವಕ ಸಂಖ್ಯೆ ಹಾಕಿಸಿಕೊಳ್ಳಿ. ಸುಮ್ನೆ ಮೇಜಿನ ಮೇಲೆ ಇಟ್ಟು ಬಂದ ದೂರಿಗೆ ಹುಟ್ಟಿದ ದಿನವೇ ಇರುವುದಿಲ್ಲ.

## ಹಂತ 8: 45 ದಿನದ ಲೆಕ್ಕ

ಡಿಎಐಪಿ ದೂರು ಬಂದ 45 ದಿನದೊಳಗೆ ಐಎಐಪಿಗೆ ವರದಿ ಕೊಡಬೇಕು. ಐಎಐಪಿಗೂ ಅಷ್ಟೇ ಅವಧಿ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ದಿನ ಮೀರಿದರೆ ಆವಕ ಸಂಖ್ಯೆ ಬರೆದು ವಿನಯದಿಂದ ಜ್ಞಾಪನ ಪತ್ರ ಕೊಡಿ. ಅದಕ್ಕೂ ಉತ್ತರ ಇಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ "ಈ ದೂರಿನ ಮೇಲೆ ಕೈಗೊಂಡ ಕ್ರಮದ ವಿವರ" ಕೇಳಿ. ವಿಚಾರಣೆ ನಡೆಯುತ್ತಿರುವಾಗ ಸಾಕ್ಷಿಗಳ ಹೇಳಿಕೆ ಕೇಳಿದರೆ ನಿರಾಕರಿಸಬಹುದು. ದಿನಾಂಕ, ಹಂತ, ಕ್ರಮ ಮಾತ್ರ ಕೇಳಿ.

ಸಮಿತಿಯಲ್ಲಿ ಕೂರುವ ಅಧ್ಯಾಪಕರಿಗೂ ಒಂದು ಮಾತು. ಮೊದಲ ದಿನವೇ ಮೂಲ ಡಾಟಾ, ಕಂಪ್ಯೂಟರಿನ ಪ್ರತಿ, ನೋಟ್‌ಬುಕ್ ವಶಕ್ಕೆ ಪಡೆದು ಪಟ್ಟಿ ಮಾಡಿ. ಆಮೇಲೆ ನೋಟಿಸ್. ಬಹುತೇಕ ಕಡೆ ಇದು ಉಲ್ಟಾ ನಡೆಯುತ್ತದೆ. ಆರೋಪಿಗೆ ದೂರಿನ ವಿವರ ಕೊಡಿ, ಉತ್ತರಿಸಲು ಸಮಯ ಕೊಡಿ, ಮಾತು ಕೇಳಿ, ಎಲ್ಲವನ್ನೂ ನಡಾವಳಿಯಲ್ಲಿ ಬರೆಯಿರಿ. ಸಹಜ ನ್ಯಾಯ ಪಾಲಿಸದ ವರದಿ ಹೈಕೋರ್ಟಿನ ಧಾರವಾಡ ಪೀಠದಲ್ಲೋ ಕಲಬುರಗಿ ಪೀಠದಲ್ಲೋ ನಿಲ್ಲುವುದು ಕಷ್ಟ. ಲೇಖಕರು ನಾಲ್ವರಿದ್ದರೆ ಯಾರು ಯಾವ ಭಾಗ ಮಾಡಿದರು ಅಂತ ವಿಂಗಡಿಸಿ. ಎಲ್ಲ ತಪ್ಪನ್ನೂ ವಿದ್ಯಾರ್ಥಿಯ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವುದು ಅನ್ಯಾಯ.

ದೂರು ಕೊಟ್ಟವರು ಗೈಡ್ ಕೈಕೆಳಗಿನ ವಿದ್ಯಾರ್ಥಿಯಾಗಿದ್ದರೆ ಪ್ರಗತಿ ವರದಿಗೆ ಸಹಿ ನಿಲ್ಲುವ ಅಪಾಯ ಇದ್ದೇ ಇದೆ. ದೂರಿನ ಜೊತೆಗೇ ಗೈಡ್ ಬದಲಾವಣೆಗೆ ಬೇರೆ ಅರ್ಜಿ ಕೊಡಿ. ಎರಡನ್ನೂ ಒಂದರಲ್ಲಿ ಬೆರೆಸಬೇಡಿ.

## ನಿಮ್ಮ ಮೇಲೇ ದೂರು ಬಂದರೆ

ಒಂದು ಫೈಲನ್ನೂ ಅಳಿಸಬೇಡಿ, ತಿದ್ದಬೇಡಿ. ದೂರು ಕೊಟ್ಟವರಿಗೆ ಫೋನ್ ಮಾಡಬೇಡಿ. ಆರೋಪವನ್ನು ಲಿಖಿತವಾಗಿ ಕೇಳಿ, ಒಂದೊಂದು ಅಂಶಕ್ಕೂ ದಾಖಲೆ ಸಮೇತ ಉತ್ತರಿಸಿ. ನಿಜಕ್ಕೂ ತಪ್ಪಾಗಿದ್ದರೆ ಅದನ್ನು ಮೊದಲ ಉತ್ತರದಲ್ಲೇ ಬರೆದು ಪತ್ರಿಕೆಗೆ ತಿದ್ದುಪಡಿ ಕಳಿಸಿ.

## ಹಂತ 9: ವರದಿ ಬಂದ ಮೇಲೆ

ಪಿಎಚ್.ಡಿ. ಪ್ರಬಂಧಕ್ಕೆ ಯುಜಿಸಿ ಇಟ್ಟ ಹಂತಗಳು ಹೀಗಿವೆ. ಸಾಮ್ಯತೆ ಶೇ. 10ರವರೆಗೆ ಇದ್ದರೆ ದಂಡವಿಲ್ಲ. ಶೇ. 10 ದಾಟಿ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. ಶೇ. 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ತಿದ್ದಿದ ಪ್ರಬಂಧ ಕೊಡುವಂತಿಲ್ಲ. ಶೇ. 60 ಮೀರಿದರೆ ನೋಂದಣಿಯೇ ರದ್ದು. ಅಧ್ಯಾಪಕರ ಲೇಖನದಲ್ಲಿ ಎರಡನೇ ಹಂತಕ್ಕೆ (ಶೇ. 40ರಿಂದ 60) ಒಂದು ವಾರ್ಷಿಕ ವೇತನ ಬಡ್ತಿ ನಿಲ್ಲುತ್ತದೆ, ಎರಡು ವರ್ಷ ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ. ಮೂರನೇ ಹಂತಕ್ಕೆ (ಶೇ. 60 ಮೀರಿದರೆ) ಎರಡು ವೇತನ ಬಡ್ತಿ, ಮೂರು ವರ್ಷ. ಮತ್ತೆ ಮಾಡಿದರೆ ಒಂದು ಹಂತ ಮೇಲಿನ ಶಿಕ್ಷೆ.

ಶಿಕ್ಷೆಯ ಆದೇಶ ಬಂದ ತಕ್ಷಣ ಎಲ್ಲರೂ ಕೈ ಬಿಡುತ್ತಾರೆ. ಸುಳ್ಳು ಲೇಖನ ಮಾತ್ರ ಪತ್ರಿಕೆಯಲ್ಲಿ ಹಾಗೇ ಉಳಿಯುತ್ತದೆ. ಲೇಖನ ಹಿಂತೆಗೆಯಲು ಸಂಪಾದಕರಿಗೆ ವಿಶ್ವವಿದ್ಯಾಲಯವೇ ವರದಿ ಸಮೇತ ಪತ್ರ ಬರೆಯಬೇಕು. ಬರೆದಿದೆಯೇ ಅಂತ ಕೇಳಿ, ಪತ್ರದ ದಿನಾಂಕ ತಿಳಿದುಕೊಳ್ಳಿ.

ಆ ಲೇಖನವನ್ನು ನಿಮ್ಮ ಪ್ರಬಂಧದಲ್ಲೂ ಉಲ್ಲೇಖಿಸಿರಬಹುದು. ಹಿಂತೆಗೆದ ಲೇಖನಗಳನ್ನು ದಾಖಲಿಸುವ ರಿಟ್ರ್ಯಾಕ್ಷನ್ ವಾಚ್‌ನ ಪಟ್ಟಿ 2023ರಿಂದ ಕ್ರಾಸ್‌ರೆಫ್ ಎಂಬ ಸಂಸ್ಥೆಯ ಮೂಲಕ ಉಚಿತವಾಗಿ ಸಿಗುತ್ತದೆ. ಉಲ್ಲೇಖಗಳನ್ನು ಜೋಡಿಸಿಡುವ ಜೊಟೆರೊ ತಂತ್ರಾಂಶ ಬಳಸುವವರಿಗೆ ಹಿಂತೆಗೆದ ಲೇಖನದ ಮೇಲೆ ಎಚ್ಚರಿಕೆ ತಾನಾಗಿಯೇ ಬರುತ್ತದೆ. ಪ್ರಬಂಧ ಸಲ್ಲಿಸುವ ಹಿಂದಿನ ವಾರ ಇಡೀ ಗ್ರಂಥಸೂಚಿಯನ್ನು ಒಮ್ಮೆ ತಾಳೆ ನೋಡಿ.

ಆ ಸಂಶೋಧನೆ ಹೊಲದವರೆಗೆ ಹೋಗಿದ್ದರೆ ಕೆಲಸ ಇನ್ನೂ ಇದೆ. ದಾಳಿಂಬೆಯ ದುಂಡಾಣು ಅಂಗಮಾರಿಗೆ ಯಾವುದೋ ಸಿಂಪಡಣೆ ಕೆಲಸ ಮಾಡುತ್ತದೆ ಅಂತ ಸುಳ್ಳು ಡಾಟಾದ ಮೇಲೆ ಕರಪತ್ರ ಹಂಚಿದ್ದರೆ, ರೈತರು ಈ ಹಂಗಾಮಿನಲ್ಲೂ ಅದಕ್ಕೆ ದುಡ್ಡು ಸುರಿಯುತ್ತಿರುತ್ತಾರೆ. ಕರಪತ್ರ ಹಂಚಿದ ಕಚೇರಿಗೆ ಆದೇಶದ ಪ್ರತಿ ಕೊಟ್ಟು, ಆ ಶಿಫಾರಸು ರದ್ದಾಗಿದೆ ಅಂತ ಅದೇ ಹಳ್ಳಿಗಳಿಗೆ ಕನ್ನಡದಲ್ಲೇ ತಿಳಿಸುವಂತೆ ಲಿಖಿತವಾಗಿ ಕೇಳಿ. ಆ ಕಾಗದದ ಮೇಲೂ ಆವಕ ಸಂಖ್ಯೆ ಹಾಕಿಸಿಕೊಳ್ಳಿ.